ಬೀಗದ ಕೈ ಯಾರಲ್ಲಿರಬೇಕು?

ಈಚೆಗೆ ನಮ್ಮ ವಿಶ್ವವಿದ್ಯಾನಿಲಯದವರು ಒಂದು ಸಮಿತಿಯನ್ನು ನೇಮಿಸಿದರು. ಸಂಯೋಜಿತ ಕಾಲೇಜುಗಳಿಗೆಲ್ಲ ಒಪ್ಪುವಂಥ ಒಂದು ‘ಕಲಿಕಾ ನಿರ್ವಹಣಾ ವ್ಯವಸ್ಥೆ’ಯನ್ನು ಆರಿಸಿ ಶಿಫಾರಸು ಮಾಡುವುದು ಅದರ ಕೆಲಸ. ಸಮಿತಿಯಲ್ಲಿ ಗಣಕ ವಿಜ್ಞಾನದ ಪ್ರಾಧ್ಯಾಪಕರು ಇಬ್ಬರು, ವಾಣಿಜ್ಯ ವಿಭಾಗದವರು ಒಬ್ಬರು, ಪರೀಕ್ಷಾ ವಿಭಾಗದ ಅಧಿಕಾರಿಗಳೊಬ್ಬರು, ಹಣಕಾಸಿನವರೊಬ್ಬರು. ಕಲಾ ವಿಭಾಗದ ಪ್ರತಿನಿಧಿಯೂ ಒಬ್ಬನಿರಲೆಂದು, ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು. ಸುದ್ದಿ ಕೇಳಿದ ಸ್ನೇಹಿತರೊಬ್ಬರು, “ಚಂಪೂವಿಗೂ ಕಂಪ್ಯೂಟರಿಗೂ ಏನಯ್ಯ ಸಂಬಂಧ?” ಎಂದು ನಕ್ಕರು. ನಾನೂ ನಕ್ಕೆ. ಆದರೆ ಮೂರು ಸಭೆಗಳು ಮುಗಿದ ಮೇಲೆ, ಇದು ಗಣಕದವರಿಗೂ ಹಣಕಾಸಿನವರಿಗೂ ಬಿಟ್ಟುಕೊಟ್ಟು ಸುಮ್ಮನಿರತಕ್ಕ ವಿಷಯವಲ್ಲವೆಂಬ ನಂಬಿಕೆ ನನ್ನಲ್ಲಿ ಬಲವಾಗಿದೆ. ಅದಕ್ಕೆ ಕಾರಣವೇನೆಂಬುದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಧ್ಯಾಪಕನು ಪಾಠದ ಟಿಪ್ಪಣಿಗಳನ್ನು ಇಡುವುದಕ್ಕೆ, ವಿದ್ಯಾರ್ಥಿಗಳು ಅವನ್ನು ಓದುವುದಕ್ಕೆ, ಪ್ರಬಂಧ ಬರೆದು ಒಪ್ಪಿಸುವುದಕ್ಕೆ, ತಮ್ಮೊಳಗೆ ಚರ್ಚಿಸುವುದಕ್ಕೆ, ಕಿರುಪರೀಕ್ಷೆ ಬರೆದು ಅಂಕ ತಿಳಿಯುವುದಕ್ಕೆ ಅಂತರಜಾಲದಲ್ಲಿ ಕಟ್ಟಿಕೊಂಡ ಒಂದು ಮನೆ ಎಂದರೆ ಸಾಕು. ಆಡುವಾಗ ಎಲ್ಲರೂ ಇದನ್ನು ಎಲ್.ಎಂ.ಎಸ್. ಎಂದೇ ಕರೆಯುತ್ತಾರೆ. ಪ್ರವೇಶ, ಶುಲ್ಕ, ಅಂಕಪಟ್ಟಿಗಳ ವ್ಯವಹಾರಕ್ಕಾಗಿ ನಮ್ಮ ರಾಜ್ಯದಲ್ಲಿ ಬಳಕೆಯಲ್ಲಿರುವ ಯು.ಯು.ಸಿ.ಎಂ.ಎಸ್. ಬೇರೆ, ಅದು ಕಚೇರಿಯ ಕೆಲಸಕ್ಕೆ, ಇದು ತರಗತಿಯ ಕೆಲಸಕ್ಕೆ. ಯಂತ್ರದ ಮೂಲಕ ಪಾಠ ಹೇಳುವ ಹಂಬಲವೇನೂ ಹೊಸದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ‘ಪ್ಲೇಟೊ’ ಎಂಬ ಗಣಕ ವ್ಯವಸ್ಥೆ 1960ರಲ್ಲೇ ಆರಂಭವಾಗಿತ್ತು. ಈಗ ಇಂಥ ಸಮಿತಿಗಳ ಮುಂದೆ ಹೆಚ್ಚಾಗಿ ಕೇಳಿಬರುವ ಹೆಸರುಗಳು ನಾಲ್ಕು. 1997ರಲ್ಲಿ ಹುಟ್ಟಿದ ಕಂಪನಿಯ ಬ್ಲ್ಯಾಕ್‌ಬೋರ್ಡ್ ಒಂದು. 2002ರಲ್ಲಿ ಮೊದಲ ಆವೃತ್ತಿ ಹೊರಬಂದ ಮೂಡಲ್ ಒಂದು. 2008ರಲ್ಲಿ ಸ್ಥಾಪಿತವಾದ ಇನ್‌ಸ್ಟ್ರಕ್ಚರ್ ಸಂಸ್ಥೆಯ ಕ್ಯಾನ್ವಾಸ್ ಮತ್ತೊಂದು. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಂ ನಾಲ್ಕನೆಯದು. ಮೂಡಲ್ ಎಂದೊಡನೆ ನಮಗೆ ಮೂಡಲ ದಿಕ್ಕು ನೆನಪಾಗುವುದು ಸಹಜ. ಆದರೆ ಅದು ಇಂಗ್ಲಿಷಿನ ಐದಾರು ಪದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಹೆಸರು.

ಮೊದಲ ಸಭೆಯಲ್ಲಿ ನಮ್ಮ ಕೈಗೆ ಒಂದು ಕೋಷ್ಟಕ ಬಂದಿತು. ಎಂಬತ್ತಕ್ಕೂ ಮೇಲ್ಪಟ್ಟು ಸಾಲುಗಳು. ಪ್ರತಿ ಸಾಲಿನಲ್ಲೂ ಒಂದೊಂದು ಸೌಲಭ್ಯ. ಹಾಜರಿ ತಾನಾಗಿ ದಾಖಲಾಗುವುದೆ? ವಿದ್ಯಾರ್ಥಿ ಎಷ್ಟು ನಿಮಿಷ ಓದಿದನೆಂಬುದು ತಿಳಿಯುವುದೆ? ನಕಲು ಮಾಡಿದರೆ ಪತ್ತೆಯಾಗುವುದೆ? ಪದಕಗಳನ್ನು ಕೊಡಬಹುದೆ? ಇದೆ ಎಂದರೆ ಒಂದು ಅಂಕ, ಇಲ್ಲವೆಂದರೆ ಸೊನ್ನೆ. ಒಟ್ಟು ಮಾಡಿ ಹೆಚ್ಚು ಬಂದವರನ್ನು ಆರಿಸುವುದು. ಮಾರಲು ಬಂದಿದ್ದ ತರುಣರು ಬಹು ಚೊಕ್ಕಟವಾಗಿ ಎಲ್ಲವನ್ನೂ ಪರದೆಯ ಮೇಲೆ ಮೂಡಿಸಿ ತೋರಿಸಿದರು. ನೋಡುತ್ತ ಕುಳಿತ ನನಗೆ ಹೊಳೆದದ್ದಿಷ್ಟು: ಆ ಎಂಬತ್ತು ಸಾಲುಗಳೂ ಈ ಮನೆಯೊಳಗೆ ಏನೇನನ್ನು ತುಂಬಬಹುದೆಂದು ಕೇಳುತ್ತಿದ್ದುವು. ತುಂಬಿದ್ದನ್ನು ಹೊರಗೆ ತರುವ ಬಗೆ ಯಾವುದು ಎಂದು ಒಂದು ಸಾಲೂ ಕೇಳುತ್ತಿರಲಿಲ್ಲ.

ಆ ಪ್ರಶ್ನೆ ನನಗೆ ಹೊಳೆದುದು ನನ್ನ ಜಾಣತನದಿಂದಲ್ಲ. ಪೆಟ್ಟು ತಿಂದ ಅನುಭವದಿಂದ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಕಾಲೇಜಿನವರು, ಸದ್ಯಕ್ಕೆ ಹಣ ಬೇಡವೆಂದು ಹೇಳಿದ ಒಂದು ಸೇವೆಯನ್ನು ಹಿಡಿದರು. ಅದರ ಹೆಸರು ಇಲ್ಲಿ ಬೇಕಾಗಿಲ್ಲ. ನಾನು ಎರಡನೆಯ ವರ್ಷದ ಐಚ್ಛಿಕ ಕನ್ನಡದವರಿಗೆ ಒಂದು ಕೆಲಸ ಕೊಟ್ಟೆ. ಹೇಗೂ ಊರುಗಳಲ್ಲಿದ್ದೀರಿ, ಮನೆಯ ಹಿರಿಯರ ಬಳಿ ಕುಳಿತು, ಬಳಕೆ ತಪ್ಪುತ್ತಿರುವ ಮಾತುಗಳನ್ನು ಕೇಳಿ, ಅರ್ಥವನ್ನೂ ಸಂದರ್ಭವನ್ನೂ ಬರೆಯಿರಿ ಎಂದೆ. ಐವತ್ತು ಮಂದಿಯ ತರಗತಿ ಅದು. ಪಾಠಕ್ಕೆ ಬೇಸರಪಡುತ್ತಿದ್ದ ಹುಡುಗರು ಇದಕ್ಕೆ ಒದಗಿ ಬಂದ ಬಗೆಯನ್ನು ಕಂಡು ನಾನು ಬೆರಗಾದೆ. ಅಳತೆಯ ಮಾತುಗಳು ಬಂದುವು: ಖಂಡುಗ, ಕೊಳಗ, ಬಳ್ಳ, ಪಾವು, ಚಟಾಕು. ಕಣದ ಮಾತುಗಳು ಬಂದುವು: ಮೆದೆ, ಮೇಟಿ, ರೋಣಗಲ್ಲು. ಒಬ್ಬ ಹುಡುಗಿ ತನ್ನ ಅಜ್ಜಿ ರಾಗಿಯ ಕೊಯ್ಲಿನಿಂದ ಹಿಡಿದು ವಾಡೆಗೆ ತುಂಬುವವರೆಗಿನ ಕೆಲಸವನ್ನೆಲ್ಲ ಹೇಳಿದುದನ್ನು ಅಜ್ಜಿಯ ಮಾತಿನಲ್ಲೇ ಬರೆದಳು. ಮನೆಯಲ್ಲಿದ್ದ ಒಂದೇ ಫೋನಿನಲ್ಲಿ, ಅಣ್ಣ ಕೆಲಸದಿಂದ ಬಂದ ಮೇಲೆ ರಾತ್ರಿ ಹೊತ್ತು ಬೆರಳಿನಿಂದ ಒತ್ತಿ ಒತ್ತಿ ಬರೆದದ್ದು. ಅದರ ಕೆಳಗೆ ಇತರರು ‘ನಮ್ಮ ಕಡೆ ಇದಕ್ಕೆ ಬೇರೆ ಹೆಸರು’ ಎಂದು ಸೇರಿಸುತ್ತ ಹೋದರು. ಒಂದು ಪುಟ್ಟ ನಿಘಂಟೇ ಅಲ್ಲಿ ಬೆಳೆಯುತ್ತಿತ್ತು.

2022ರಲ್ಲಿ ಆ ಸೇವೆಗೆ ಹಣ ಕಟ್ಟಬೇಕೆಂದು ಪತ್ರ ಬಂದಿತು. ಕಾಲೇಜಿನವರು ಒಪ್ಪಲಿಲ್ಲ, ಒಪ್ಪುವ ಸ್ಥಿತಿಯಲ್ಲಿಯೂ ಇರಲಿಲ್ಲ. ಗಡುವಿನೊಳಗೆ ‘ದತ್ತಾಂಶ’ ಪಡೆದುಕೊಳ್ಳಬಹುದೆಂದು ತಿಳಿಸಿದ್ದರು, ಪಡೆದುಕೊಂಡೆವು. ತೆರೆದು ನೋಡಿದರೆ ಅದು ಅಂಕಗಳ ಪಟ್ಟಿ. ವಿದ್ಯಾರ್ಥಿಯ ಹೆಸರು, ಕ್ರಮಸಂಖ್ಯೆ, ಹತ್ತಕ್ಕೆ ಎಂಟು, ಹತ್ತಕ್ಕೆ ಏಳು. ಅಜ್ಜಿಯ ಮಾತಿಗೆ ನಾನು ಕೊಟ್ಟಿದ್ದ ಒಂಬತ್ತು ಅಂಕ ಅದರಲ್ಲಿತ್ತು. ಅಜ್ಜಿಯ ಮಾತು ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಆ ಹುಡುಗಿ, ಆಗಲೇ ಪದವಿ ಮುಗಿಸಿದ್ದವಳು, ಕಾಲೇಜಿಗೆ ಬಂದು ಕೇಳಿದಳು: “ಸಾರ್, ಅಜ್ಜಿ ಹೇಳಿದ್ದು ಬರೆದಿದ್ದೆನಲ್ಲ, ಅದು ಸಿಗುತ್ತಾ ಸಾರ್? ಅಜ್ಜಿ ಹೋಗಿಬಿಟ್ಟರು.” ನನ್ನ ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಉತ್ತರ ಹೇಳಲಾರದೆ ತಲೆ ತಗ್ಗಿಸಿದ ಸಂದರ್ಭಗಳು ಹಲವುಂಟು. ಇದು ಅವುಗಳಲ್ಲಿ ಮೊದಲನೆಯದು.

ಎರಡನೆಯ ಸಭೆಯಲ್ಲಿ ಈ ಸಂಗತಿಯನ್ನು ಹೇಳಿದಾಗ ಪರೀಕ್ಷಾ ವಿಭಾಗದ ಅಧಿಕಾರಿಗಳು ಸೌಜನ್ಯದಿಂದಲೇ ಒಂದು ಆಕ್ಷೇಪ ಎತ್ತಿದರು. “ಮೇಷ್ಟ್ರೇ, ಹುಡುಗರು ಬರೆದದ್ದನ್ನೆಲ್ಲ ಕಾಪಾಡುವುದು ಎಲ್ಲಾದರೂ ಉಂಟೆ? ಉತ್ತರ ಪತ್ರಿಕೆಗಳನ್ನೇ ನಾವು ನಿಯಮದ ಪ್ರಕಾರ ಕೆಲವು ತಿಂಗಳಾದ ಮೇಲೆ ರದ್ದಿಗೆ ಹಾಕುತ್ತೇವೆ.” ಮಾತು ನ್ಯಾಯವಾಗಿಯೇ ಇತ್ತು, ನಾನು ಆ ರಾತ್ರಿಯೆಲ್ಲ ಅದನ್ನು ಕುರಿತು ಯೋಚಿಸಿದೆ. ಯೋಚಿಸಿದಾಗ ತಿಳಿದದ್ದು ಇದು. ನಮ್ಮ ವಿದ್ಯಾಭ್ಯಾಸದಲ್ಲಿ ಮೊದಲಿನಿಂದ ಎರಡು ಬಗೆಯ ಬರವಣಿಗೆ ಉಂಟು. ಒಂದು ಉತ್ತರ ಪತ್ರಿಕೆ. ಅದನ್ನು ಪರೀಕ್ಷಕನಿಗಾಗಿ ಬರೆಯುತ್ತೇವೆ, ಅವನು ಅಂಕ ಹಾಕಿದೊಡನೆ ಅದರ ಕೆಲಸ ತೀರಿತು. ಇನ್ನೊಂದು ನೋಟ್ ಪುಸ್ತಕ. ಮೇಷ್ಟ್ರು ಅದನ್ನು ತಿದ್ದಿ ಹಿಂದಕ್ಕೆ ಕೊಡುತ್ತಾರೆ; ಹುಡುಗ ಮನೆಗೆ ಒಯ್ಯುತ್ತಾನೆ. ನನ್ನ ತಂದೆಯವರ ಕನ್ನಡ ನೋಟ್ ಪುಸ್ತಕವೊಂದು, ಅವರ ಮೇಷ್ಟ್ರ ಕೆಂಪು ಶಾಯಿಯ ಗುರುತುಗಳೊಡನೆ, ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಇದೆ. ಎಲ್.ಎಂ.ಎಸ್.ನಲ್ಲಿ ನಡೆಯುವ ಚರ್ಚೆ, ಬರೆದು ತಿದ್ದಿ ಮತ್ತೆ ಬರೆಯುವ ಪ್ರಬಂಧ, ಇವೆಲ್ಲ ಸ್ವಭಾವದಲ್ಲಿ ನೋಟ್ ಪುಸ್ತಕದ ಜಾತಿಗೆ ಸೇರಿದುವು. ನಾವು ಮಾತ್ರ, ನಮಗೇ ಅರಿವಿಲ್ಲದೆ, ಅವನ್ನು ಉತ್ತರ ಪತ್ರಿಕೆಯಂತೆ ನಡೆಸಿಕೊಳ್ಳುತ್ತಿದ್ದೇವೆ. ಹುಡುಗರ ನೋಟ್ ಪುಸ್ತಕಗಳನ್ನು ಪರರ ಮನೆಯ ಬೀರುವಿನಲ್ಲಿರಿಸಿ, ಬೀಗದ ಕೈಯನ್ನೂ ಅವರಲ್ಲಿಯೇ ಬಿಟ್ಟು ಬಂದಿದ್ದೇವೆ.

ಒಂದು ವ್ಯವಸ್ಥೆಯನ್ನು ಸರಿಯಾಗಿ ಆರಿಸಿಬಿಟ್ಟರೆ ಅದು ಶಾಶ್ವತವಾಗಿರುವುದೆಂದು ನಂಬುವವರು ಈ ಕ್ಷೇತ್ರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ, ದೇಶದೇಶಗಳ ಕಾಲೇಜುಗಳಲ್ಲಿ ನೆಲೆಸಿದ್ದ ‘ವೆಬ್‌ಸಿಟಿ’ ಎಂಬುದನ್ನು 2006ರಲ್ಲಿ ಬ್ಲ್ಯಾಕ್‌ಬೋರ್ಡ್ ಕಂಪನಿ ಕೊಂಡುಕೊಂಡಿತು. ಕೆಲವು ವರ್ಷಗಳಲ್ಲಿ ಆ ಹೆಸರೇ ಇಲ್ಲವಾಯಿತು. ಅದೇ 2006ರಲ್ಲಿ ಬ್ಲ್ಯಾಕ್‌ಬೋರ್ಡಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ದೊರೆಯಿತು. ಅದರ ಬಲದಿಂದ ಅದು ಡಿಸೈರ್‌ಟುಲರ್ನ್ ಎಂಬ ಪ್ರತಿಸ್ಪರ್ಧಿಯ ಮೇಲೆ ದಾವೆ ಹೂಡಿತು. 2008ರಲ್ಲಿ ಜ್ಯೂರಿಯ ಮುಂದೆ ಗೆದ್ದು, 2009ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಮಿಷಿಗನ್, ಇಂಡಿಯಾನ, ಸ್ಟ್ಯಾನ್‌ಫರ್ಡ್, ಎಂ.ಐ.ಟಿ. ಎಂಬ ನಾಲ್ಕು ಹೆಸರುವಾಸಿ ಸಂಸ್ಥೆಗಳು ಸೇರಿ 2004ರಲ್ಲಿ ‘ಸಕಾಯ್’ ಎಂಬ ವ್ಯವಸ್ಥೆಯನ್ನು ತಾವೇ ಕಟ್ಟಲು ತೊಡಗಿದುವು. ಹತ್ತು ಹನ್ನೆರಡು ವರ್ಷಗಳೊಳಗೆ ಮಿಷಿಗನ್ ಮತ್ತು ಇಂಡಿಯಾನದವರೇ ಅದನ್ನು ಬಿಟ್ಟು ಕ್ಯಾನ್ವಾಸಿಗೆ ಹೋದರು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗವನ್ನು ಧರ್ಮಾರ್ಥವಾಗಿ ಕೊಡುತ್ತಿದ್ದ ಗೂಗಲ್, 2021ರಲ್ಲಿ ಮಾತು ಬದಲಿಸಿ, 2022ರ ಜುಲೈಯಿಂದ ಸಂಸ್ಥೆಯೊಂದಕ್ಕೆ ಒಟ್ಟು 100 ಟೆರಾಬೈಟ್ ಎಂದು ಮಿತಿ ಹಾಕಿತು. ಇದರಲ್ಲಿ ಯಾರನ್ನೂ ದೂಷಿಸುವ ಉದ್ದೇಶ ನನಗಿಲ್ಲ. ವ್ಯಾಪಾರದವರು ವ್ಯಾಪಾರ ಮಾಡುತ್ತಾರೆ. ಕಾಲ ಬದಲಾದಂತೆ ಉಪಕರಣಗಳೂ ಬದಲಾಗುತ್ತವೆ. ಹತ್ತು ಹದಿನೈದು ವರ್ಷಗಳಲ್ಲಿ ಯಾವ ವಿಶ್ವವಿದ್ಯಾನಿಲಯವಾದರೂ ಒಂದು ಮನೆಯಿಂದ ಮತ್ತೊಂದಕ್ಕೆ ಹೋಗಬೇಕಾಗಿ ಬರಬಹುದು. ಬಾಡಿಗೆಗೆ ಹೋಗುವ ಗೃಹಸ್ಥನು ಖಾಲಿ ಮಾಡುವ ಷರತ್ತನ್ನು ಮೊದಲು ಓದುವುದಿಲ್ಲವೆ?

ಇಲ್ಲಿ ಒಂದು ಸೂಕ್ಷ್ಮವುಂಟು. ಮಾರುವವರನ್ನು ಕೇಳಿದರೆ, ‘ಎಲ್ಲವನ್ನೂ ಒಯ್ಯಬಹುದು, ನಮ್ಮಲ್ಲಿ ಕಾಮನ್ ಕಾರ್ಟ್ರಿಜ್ ಉಂಟು’ ಎನ್ನುತ್ತಾರೆ. ಒಂದು ವ್ಯವಸ್ಥೆಯ ಪಾಠಗಳನ್ನು ಕಟ್ಟಿ ಮತ್ತೊಂದರಲ್ಲಿ ಬಿಚ್ಚುವುದಕ್ಕೆ ಎಲ್ಲರೂ ಒಪ್ಪಿಕೊಂಡಿರುವ ಒಂದು ಗಂಟಿನ ಕ್ರಮ ಅದು, ಉಪಯುಕ್ತವಾದುದೇ. ಆದರೆ ಅದರಲ್ಲಿ ಹೋಗುವುದು ಅಧ್ಯಾಪಕರ ಟಿಪ್ಪಣಿ, ಪ್ರಶ್ನೆಗಳ ಭಂಡಾರ, ಪಾಠದ ಜೋಡಣೆ. ವಿದ್ಯಾರ್ಥಿಗಳು ಬರೆದ ಉತ್ತರ, ಅವರ ಚರ್ಚೆ, ಅದಕ್ಕೆ ಅಧ್ಯಾಪಕರು ಹಾಕಿದ ತಿದ್ದುಪಡಿ ಆ ಗಂಟಿನೊಳಗೆ ಬರುವುದಿಲ್ಲ. ಮೇಷ್ಟ್ರ ಸಾಮಾನು ಗಾಡಿ ಹತ್ತುತ್ತದೆ, ಹುಡುಗರ ಸಾಮಾನು ಹಿಂದೆ ಉಳಿಯುತ್ತದೆ. ‘ಒಯ್ಯಬಹುದು’ ಎಂಬ ಮಾತನ್ನು ಕೇಳಿದಾಗ ‘ಯಾರದನ್ನು?’ ಎಂದು ಮರುಪ್ರಶ್ನೆ ಹಾಕದಿದ್ದರೆ ನಾವು ಮೋಸಹೋಗುತ್ತೇವೆ.

ಹಾಗಾದರೆ ಯಾವುದನ್ನು ಆರಿಸಬೇಕು? ನನ್ನ ಒಲವು ಮೂಡಲ್ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಅದನ್ನು ಆರಂಭಿಸಿದ ಮಾರ್ಟಿನ್ ಡೂಗಿಯಾಮಸ್ ಎಂಬುವರು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಬೆಳೆದವರು. ಹತ್ತಿರದಲ್ಲಿ ಶಾಲೆಯಿಲ್ಲದ ಕಾರಣ ಬಾಲ್ಯದ ಪಾಠಗಳನ್ನು ರೇಡಿಯೋದಲ್ಲಿ ಕೇಳಿ ಕಲಿತವರು. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತಮ್ಮ ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದು, ತಿದ್ದಬಹುದು. ದೂರಶಿಕ್ಷಣಕ್ಕೆ ಪ್ರಸಿದ್ಧವಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲಿ ಇದನ್ನೇ ಆರಿಸಿತು. ತನಗೆ ಬೇಕಾದಂತೆ ತಿದ್ದಿಕೊಂಡಿತು. ಪ್ರಶ್ನೆ ಪರೀಕ್ಷೆಗಳ ಭಾಗದಲ್ಲಿ ತಾನು ಮಾಡಿದ ಸುಧಾರಣೆಗಳನ್ನು ಲೋಕಕ್ಕೆಲ್ಲ ಹಿಂದಕ್ಕೆ ಕೊಟ್ಟಿತು. ವಿಶ್ವವಿದ್ಯಾನಿಲಯವೆಂಬ ಸಂಸ್ಥೆಗೆ ಒಪ್ಪುವ ನಡೆ ಇದೆಂದು ನನಗೆ ತೋರುತ್ತದೆ.

ಆದರೆ ಗಣಕ ವಿಜ್ಞಾನದ ಪ್ರಾಧ್ಯಾಪಕರು ಹೇಳಿದ ಮಾತನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. “ಪುಕ್ಕಟೆ ಎಂದು ತಿಳಿಯಬೇಡಿ. ಹಸುವನ್ನು ದಾನ ಕೊಟ್ಟರೂ ಹುಲ್ಲು ನಾವೇ ಹಾಕಬೇಕು. ರಾತ್ರಿ ಹತ್ತು ಗಂಟೆಗೆ ಅದು ನಿಂತುಹೋದರೆ ಎಬ್ಬಿಸುವವರು ಯಾರು? ನಮ್ಮಲ್ಲಿ ಆ ಕೆಲಸಕ್ಕೆ ಹುದ್ದೆ ಇದೆಯೆ?” ಹುದ್ದೆ ಇಲ್ಲ. ಇದ್ದ ಹುದ್ದೆಗಳೇ ತುಂಬಿಲ್ಲ. ಓಪನ್ ಯೂನಿವರ್ಸಿಟಿಗೆ ಇದ್ದ ಜನಬಲ ನಮಗಿಲ್ಲವೆಂಬುದನ್ನು ಒಪ್ಪಬೇಕು. ಅದಕ್ಕೆ ನನ್ನ ಉತ್ತರ ಇಷ್ಟೆ: ನಮ್ಮ ಕೈಲಾಗದಿದ್ದರೆ ಹಣ ಕೊಟ್ಟು ಬೇರೆಯವರಿಂದ ನಡೆಸೋಣ, ತಪ್ಪಿಲ್ಲ. ಮೂಡಲನ್ನೇ ನಡೆಸಿಕೊಡುವ ಸಂಸ್ಥೆಗಳೂ ಉಂಟು. ಅಡಿಗೆಯವರನ್ನು ಇಟ್ಟುಕೊಂಡ ಮಾತ್ರಕ್ಕೆ ಉಗ್ರಾಣ ನಮ್ಮದಲ್ಲವೆಂದಾಗುವುದಿಲ್ಲ. ಬ್ಲ್ಯಾಕ್‌ಬೋರ್ಡ್ ಆಗಲಿ ಕ್ಯಾನ್ವಾಸ್ ಆಗಲಿ, ಹುಡುಗರ ಬರವಣಿಗೆಯನ್ನು ಪೂರ್ತಿಯಾಗಿ ಹೊರತೆಗೆದು, ಬೇರೊಂದು ಗಣಕದಲ್ಲಿ ಓದುವಂತೆ ಮಾಡಿ ತೋರಿಸಿದರೆ ಅವರಿಗೂ ನನ್ನ ಒಪ್ಪಿಗೆ ಉಂಟು. ಮೂಡಲ್ ಆದರೂ ಅದನ್ನು ತೋರಿಸದಿದ್ದರೆ ನನಗೆ ಬೇಡ.

ಕನ್ನಡದ ಅಧ್ಯಾಪಕನಾಗಿ ಇನ್ನೊಂದು ಪರೀಕ್ಷೆಯನ್ನು ನಾನು ಒತ್ತಿ ಹೇಳಬೇಕಾಗಿದೆ. ಹೊರಬಂದದ್ದು ಕನ್ನಡವಾಗಿಯೇ ಹೊರಬರಬೇಕು. ಇದರ ಕಷ್ಟ ನಮ್ಮ ಹಿರಿಯ ಅಧ್ಯಾಪಕರಿಗೆ ಚೆನ್ನಾಗಿ ಗೊತ್ತು. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ನಾವೆಲ್ಲ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟಿಪ್ಪಣಿ ಬರೆದಿಟ್ಟೆವು. ಇಂದು ಅವನ್ನು ಯಾವ ಜಾಲತಾಣದಲ್ಲಿ ಅಂಟಿಸಿದರೂ ಕನ್ನಡವೆಲ್ಲ ಮಾಯವಾಗಿ, ಕೊಂಬು ಟೋಪಿ ಹೊತ್ತ ರೋಮನ್ ಅಕ್ಷರಗಳ ಕಗ್ಗವೊಂದು ಮೂಡುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸದೆ ಗತಿಯಿಲ್ಲ. ಮೂರನೆಯ ಸಭೆಯಲ್ಲಿ ನಾನು, ಪ್ರದರ್ಶನಕ್ಕೆ ತಂದಿದ್ದ ಪ್ರತಿಯೊಂದು ವ್ಯವಸ್ಥೆಯಲ್ಲೂ, ಒತ್ತಕ್ಷರ, ಅರ್ಕಾವತ್ತುಗಳು ಕೂಡಿದ ಎರಡು ವಾಕ್ಯಗಳನ್ನು ಬರೆದು, ಹುಡುಕಿಸಿ, ಪಿ.ಡಿ.ಎಫ್. ಪ್ರತಿ ತೆಗೆಸಿದೆ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿತ್ತು. ನಾನು ಮೆಚ್ಚಿದ ಮೂಡಲ್‌ನಲ್ಲೇ, ಪ್ರಮಾಣಪತ್ರದ ಪ್ರತಿ ತೆಗೆದಾಗ ಒತ್ತಕ್ಷರಗಳು ಕಳಚಿ ಬಿದ್ದು ಪಕ್ಕದಲ್ಲಿ ಕುಳಿತಿದ್ದುವು. ‘ವಿದ್ಯಾರ್ಥಿ’ ಎಂಬ ಪದವನ್ನು ಗುರುತಿಸುವುದೇ ಕಷ್ಟವಾಯಿತು. ಅದರ ಕನ್ನಡ ಅನುವಾದವೂ ಅರೆಬರೆಯಾಗಿದೆ. ನಕಲು ಪತ್ತೆ ಮಾಡುವ ಯಂತ್ರಗಳಿಗೆ ಕನ್ನಡ ಎಷ್ಟು ತಿಳಿಯುವುದೆಂದು ಕೇಳಿದಾಗ ಮಾರಾಟದವರಿಂದ ನೇರವಾದ ಉತ್ತರ ಬರಲಿಲ್ಲ. ಕೋಷ್ಟಕದಲ್ಲಿ ‘ಬಹುಭಾಷಾ ಸೌಲಭ್ಯ’ ಎಂಬ ಸಾಲಿನೆದುರು ಎಲ್ಲರಿಗೂ ಒಂದೊಂದು ಅಂಕ ಆಗಲೇ ಬಿದ್ದಿತ್ತು.

ತೆರೆದ ತಂತ್ರಾಂಶದಲ್ಲಿ ಒಂದು ಸಮಾಧಾನವುಂಟು: ದೋಷವಿದ್ದರೆ ತಿದ್ದುವ ಹಕ್ಕು ನಮಗಿದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದು ವರ್ಷ ಮನಸ್ಸಿಟ್ಟು ಕುಳಿತರೆ, ಕನ್ನಡ ವಿಭಾಗದವರು ಪಕ್ಕದಲ್ಲಿ ನಿಂತರೆ, ಈ ಒತ್ತಕ್ಷರದ ದೋಷ ಸರಿಹೋಗದೆ ಇರಲಾರದು. ಸರಿಹೋದರೆ ಅದು ಕನ್ನಡ ನಾಡಿಗೆಲ್ಲ ಸರಿಹೋದಂತೆ. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದಾಗ ಇಂಥ ಯಂತ್ರಗಳ ಕನಸೂ ಇರಲಿಲ್ಲ. ಆದರೆ ಹೊಸ ಕಾಲದ ವಿದ್ಯೆಯಲ್ಲಿ ಕನ್ನಡಕ್ಕೆ ಯಾವ ಎಡೆಯೆಂಬ ಅವರ ಚಿಂತೆ ಇಂದು ಈ ಸಮಿತಿಯ ಮೇಜಿನ ಮೇಲೆಯೇ ಕುಳಿತಿದೆ.

ಅಧ್ಯಾಪಕ ಮಿತ್ರರು ಇನ್ನೊಂದು ಮಾತು ಹೇಳುವುದುಂಟು: ‘ಯಾವುದನ್ನು ತಂದರೇನು, ಬಳಸುವವರು ಯಾರು? ಹಾಜರಿ, ಅಂಕ ತುಂಬಿ ಮುಗಿಸುತ್ತೇವೆ.’ ಪಠ್ಯಕ್ರಮ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬುಡಮೇಲಾದುದನ್ನು ಕಂಡವರ ದಣಿವು ಇದು; ನನಗೂ ಅದರ ಪರಿಚಯವುಂಟು. ಆದರೂ ಕೇಳುತ್ತೇನೆ: ಬರೆದದ್ದು ಉಳಿಯುವುದೆಂಬ ಭರವಸೆಯಿಲ್ಲದ ಕಡೆ ಯಾರು ತಾನೆ ಮನಸ್ಸಿಟ್ಟು ಬರೆದಾರು?

ನಾನು ಸಮಿತಿಯ ಮುಂದೆ ಲಿಖಿತವಾಗಿ ಇಟ್ಟಿರುವ ಸಲಹೆಗಳು ಹೆಚ್ಚೇನಲ್ಲ. ಖರೀದಿಗೆ ಮೊದಲು ಎರಡು ಕಾಲೇಜುಗಳಲ್ಲಿ, ಅದರಲ್ಲೊಂದು ತಾಲ್ಲೂಕಿನದಾಗಿರಲಿ, ಒಂದು ಸೆಮಿಸ್ಟರ್ ನಡೆಸಿ ನೋಡುವುದು. ವಿದ್ಯಾರ್ಥಿಗಳು ಸಾಧಾರಣ ಫೋನಿನಲ್ಲೇ ಬರೆಯಲಿ. ಕೊನೆಯಲ್ಲಿ ಅವರು ಬರೆದದ್ದನ್ನೆಲ್ಲ ಹೊರತೆಗೆದು, ಆ ವ್ಯವಸ್ಥೆಯೇ ಇಲ್ಲದ ಒಂದು ಗಣಕದಲ್ಲಿ ತೆರೆದು, ಕನ್ನಡದ ಅಧ್ಯಾಪಕರೊಬ್ಬರಿಂದ ಓದಿಸುವುದು. ಓದಲು ಬಾರದಿದ್ದರೆ ಆ ವ್ಯವಸ್ಥೆಯನ್ನು ಕೈಬಿಡುವುದು, ಉಳಿದ ಎಂಬತ್ತು ಸಾಲುಗಳಲ್ಲಿ ಅದಕ್ಕೆ ಎಷ್ಟೇ ಅಂಕ ಬಂದಿದ್ದರೂ. ಕರಾರಿನಲ್ಲಿ, ಬಿಟ್ಟುಹೋಗುವಾಗ ಎಲ್ಲವನ್ನೂ ಕೊಡತಕ್ಕದ್ದೆಂದೂ, ಕೊಟ್ಟ ಮೇಲೆ ತಮ್ಮಲ್ಲಿರುವುದನ್ನು ಅಳಿಸತಕ್ಕದ್ದೆಂದೂ ಬರೆಸುವುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಬಂದ ಮೇಲಂತೂ ಇದನ್ನು ಅಲಕ್ಷಿಸುವಂತಿಲ್ಲ. ಕೊನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ತಾನು ಬರೆದದ್ದರ ಪೂರ್ಣ ಪ್ರತಿಯನ್ನು, ಅಧ್ಯಾಪಕರ ತಿದ್ದುಪಡಿಗಳ ಸಹಿತ, ಸೆಮಿಸ್ಟರ್ ಮುಗಿದೊಡನೆ ಕೊಟ್ಟುಬಿಡುವುದು. ನೋಟ್ ಪುಸ್ತಕ ಅವರ ಮನೆಗೆ ಹೋಗಲಿ.

ಸಮಿತಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕೋಷ್ಟಕಕ್ಕೆ ಒಂದು ಸಾಲನ್ನು ಸೇರಿಸಲು ಅಧ್ಯಕ್ಷರು ಒಪ್ಪಿದ್ದಾರೆ. ಅದಕ್ಕೆ ಒಂದೇ ಅಂಕ. ಬರುವ ಸಭೆಯಲ್ಲಿ ಆ ಸಾಲನ್ನು ಮೊದಲಿಗೆ ತಂದು, ಅದರಲ್ಲಿ ತೇರ್ಗಡೆಯಾಗದವರಿಗೆ ಮುಂದಿನ ಸಾಲುಗಳಿಗೆ ಪ್ರವೇಶವಿಲ್ಲವೆಂದು ಮಾಡಿಸಬೇಕೆಂಬುದು ನನ್ನ ಆಸೆ. ಇಂಥ ಸಮಿತಿಗಳು ಬೇರೆ ವಿಶ್ವವಿದ್ಯಾನಿಲಯಗಳಲ್ಲೂ ಕುಳಿತಿರಬಹುದು. ಅಲ್ಲಿರುವ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ: ಪ್ರದರ್ಶನ ಮುಗಿದು ಚಹಾ ಬರುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿಬಿಡಿ.

ಆ ಹುಡುಗಿ ಈಗ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅಜ್ಜಿಯ ಮಾತುಗಳಲ್ಲಿ ನೆನಪಿಗೆ ಬಂದಷ್ಟನ್ನು ಮತ್ತೆ ಕುಳಿತು ಒಂದು ಉದ್ದ ನೋಟ್ ಪುಸ್ತಕದಲ್ಲಿ ಬರೆದು, ಕಳೆದ ದೀಪಾವಳಿಯ ರಜದಲ್ಲಿ ನನಗೆ ತೋರಿಸಲು ತಂದಿದ್ದಳು. ಮೊದಲಿನದರ ಅರ್ಧದಷ್ಟೂ ಇರಲಿಲ್ಲ. “ಇನ್ನೂ ಎಷ್ಟೋ ಹೇಳಿದ್ದರು ಸಾರ್, ನೆನಪಾಗ್ತಾ ಇಲ್ಲ,” ಎಂದಳು. ನಾನು ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಪುಸ್ತಕವನ್ನು ಅವಳ ಕೈಗೇ ಹಿಂದಿರುಗಿಸಿದೆ.